ಬಿಚ್ಚಲು ಬರುವ ಯಂತ್ರ: ಹಳೇ ಕಂಪ್ರೆಸರ್‌ನ ಎರಡನೇ ಜನ್ಮದ ಕಥೆ



ಇವತ್ತು ನಾವು ಹೊರಡೋದು ಕಲಬುರಗಿಯ ಶಹಾಬಜಾರದಿಂದ. ಮೇ ತಿಂಗಳ ಮಧ್ಯಾಹ್ನ ಅಂತ ಇಟ್ಟುಕೊಳ್ಳಿ. ಬಿಸಿಲು 42 ಡಿಗ್ರಿ ದಾಟಿದೆ. ಕಲಬುರಗಿಯವರಿಗೆ ಇದು ಹೊಸದೇನಲ್ಲ, "ಈ ಸಲ ಬ್ಯಾಸಗಿ ಭಾಳ ಅದ ನೋಡ್ರಿ" ಅಂತ ಪ್ರತಿ ವರ್ಷವೂ ಹೇಳ್ತಾರೆ. ಬಹಮನಿ ಕಾಲದ, ಅಂದ್ರೆ 14ನೇ ಶತಮಾನದ ಮಸೀದಿ ಇರುವ ಹಳೇ ಪೇಟೆ ಇದು. ರಸ್ತೆ ಬದಿಯ ಗಾಡಿಯವನು ಗೋಣಿಚೀಲ ಸರಿಸಿ, ಬರ್ಫದ ದಿಮ್ಮಿಯಿಂದ ಒಂದು ತುಂಡು ಒಡೆದು ನಿಮ್ಮ ಶರಬತ್ತಿಗೆ ಹಾಕ್ತಾನೆ. ನೀವು ಕುಡಿದು, ಫೋನ್ ತೆಗೆದು ಹತ್ತೋ ಇಪ್ಪತ್ತೋ ರೂಪಾಯಿ ಸ್ಕ್ಯಾನ್ ಮಾಡಿ ಹೋಗ್ತೀರಿ.

ಆ ಬರ್ಫ ಎಲ್ಲಿಂದ ಬಂತು? ಊರ ಹೊರಗಿನ ಒಂದು ಐಸ್ ಫ್ಯಾಕ್ಟರಿಯಿಂದ. ಅಲ್ಲಿ ಹಗಲು ರಾತ್ರಿ ಗುಡುಗುಡು ಅಂತ ತಿರುಗೋ ಒಂದು ಕಬ್ಬಿಣದ ಯಂತ್ರ ಇರುತ್ತೆ. ಅದೇ ಕಂಪ್ರೆಸರ್. ಐಸ್ ಫ್ಯಾಕ್ಟರಿ, ಹಾಲಿನ ಡೇರಿ, ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಮಾಸದಂತೆ ಕಾಯುವ ಕೋಲ್ಡ್ ಸ್ಟೋರೇಜ್, ಕಾರವಾರ-ಮಲ್ಪೆಯ ಮೀನು, ಎಲ್ಲದರ ಹಿಂದೆಯೂ ಇದರ ಅಣ್ಣತಮ್ಮಂದಿರೇ ಇದ್ದಾರೆ.

ಇಂಥ ಯಂತ್ರ ಇಪ್ಪತ್ತು, ಮೂವತ್ತು ವರ್ಷ ದುಡಿದು ಒಂದು ದಿನ ಕೈಕೊಡುತ್ತೆ. ಆಗ ಮಾಲೀಕರ ಮುಂದೆ ಎರಡು ದಾರಿ. ಒಂದು, ತೂಕ ಹಾಕಿ ಗುಜರಿಗೆ ಕೊಡೋದು. ಇನ್ನೊಂದು, ಅದನ್ನ ಪೂರ್ತಿ ಬಿಚ್ಚಿ, ಅಳೆದು, ಸವೆದಿದ್ದನ್ನೆಲ್ಲ ಬದಲಿಸಿ, ಹೊಸದರ ಹಾಗೇ ಮಾಡಿ ಮತ್ತೆ ಕೂರಿಸೋದು. ಈ ಎರಡನೇ ದಾರಿಗೆ ಇಂಗ್ಲಿಷಿನಲ್ಲಿ ರೀಮ್ಯಾನ್ಯುಫ್ಯಾಕ್ಚರಿಂಗ್ ಅಂತಾರೆ. ನಾವು ಮರುತಯಾರಿಕೆ ಅನ್ನೋಣ.

ಎಲ್ಲ ಯಂತ್ರಕ್ಕೂ ಈ ಎರಡನೇ ಜನ್ಮದ ಭಾಗ್ಯ ಇಲ್ಲ. ನಿಮ್ಮ ಮನೆಯ ಫ್ರಿಜ್ಜಿನ ಕಂಪ್ರೆಸರ್ ಸತ್ತರೆ ಸತ್ತಿತು, ಸಾಮಾನ್ಯವಾಗಿ ಮಿಸ್ತ್ರಿಗಳು ಅದನ್ನ ಬಿಚ್ಚೋದಿಲ್ಲ. ಐಸ್ ಫ್ಯಾಕ್ಟರಿಯ ಕಂಪ್ರೆಸರನ್ನ ಮಾತ್ರ ಬಿಚ್ಚುತ್ತಾರೆ. ಯಾವ ಯಂತ್ರಕ್ಕೆ ಮರುಜನ್ಮ, ಯಾವುದಕ್ಕೆ ಗುಜರಿ ಅಂತ ಯಾರು ನಿರ್ಧಾರ ಮಾಡಿದ್ರು? ಇವತ್ತಿನ ಸಂಚಿಕೆ ಇದರ ಬಗ್ಗೆ. ಉತ್ತರದ ಅರ್ಧ ಭಾಗ, ಮೂಗು ಸುಡುವ ಒಂದು ಗ್ಯಾಸಿನಲ್ಲಿದೆ.

ಹರವಿಯಿಂದ ಹಡಗಿನವರೆಗೆ

ಮೊದಲು ಸ್ವಲ್ಪ ಹಿಂದೆ ಹೋಗೋಣ. ನಮ್ಮ ಅಜ್ಜಿಯಂದಿರ ಫ್ರಿಜ್ಜು ಮಣ್ಣಿನ ಹರವಿ. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗಿ ಆವಿಯಾಗುತ್ತೆ. ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನ ಜೊತೆಗೇ ಒಯ್ಯುತ್ತೆ. ದ್ರವ ಆವಿಯಾದರೆ ತಂಪು, ಇಡೀ ಶೀತಲೀಕರಣದ ಗುಟ್ಟು ಇಷ್ಟೇ. ಮೊಘಲರ ಆಸ್ಥಾನದಲ್ಲಿ ಪೆಟ್ಲುಪ್ಪು ಕರಗಿಸಿ ನೀರು ತಣ್ಣಗೆ ಮಾಡುತ್ತಿದ್ದರು ಅಂತ ಅಬುಲ್ ಫಜಲ್‌ನ 'ಐನ್-ಇ-ಅಕ್ಬರಿ'ಯಲ್ಲಿ ದಾಖಲಾಗಿದೆ. ಆದರೆ ಕಡು ಬೇಸಿಗೆಯಲ್ಲಿ, ದಖನ್ನಿನ ಬಯಲಿನಲ್ಲಿ ಗಟ್ಟಿ ಬರ್ಫ ಅಂದ್ರೆ ಕನಸೇ ಆಗಿತ್ತು.

ಆ ಕನಸನ್ನ ಒಬ್ಬ ಅಮೆರಿಕನ್ ವ್ಯಾಪಾರಿ ಹಡಗಿಗೆ ತುಂಬಿದ. ಹೆಸರು ಫ್ರೆಡ್ರಿಕ್ ಟ್ಯೂಡರ್. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮಂಜನ್ನ ಗರಗಸದಲ್ಲಿ ಕೊಯ್ದು, ಮರದ ಹೊಟ್ಟಿನಲ್ಲಿ ಸುತ್ತಿ, 1833ರ ಮೇನಲ್ಲಿ ಬೋಸ್ಟನ್‌ನಿಂದ ಕಲ್ಕತ್ತಕ್ಕೆ ಕಳಿಸಿದ. ಹೊರಟಿದ್ದು ಸುಮಾರು 180 ಟನ್. ನಾಲ್ಕು ತಿಂಗಳು ಸಮುದ್ರ ದಾಟಿ ತಲುಪಿದ್ದು ಸುಮಾರು 100 ಟನ್. ಉಳಿದದ್ದು ದಾರಿಯಲ್ಲೇ ನೀರಾಯ್ತು. ಆಮೇಲೆ ಮದ್ರಾಸಿನಲ್ಲೂ 1842ರಲ್ಲಿ ಬರ್ಫದ ಗೋದಾಮು ಎದ್ದಿತು. ಚೆನ್ನೈ ಕಡಲ ದಂಡೆಯಲ್ಲಿ ಆ ಐಸ್ ಹೌಸ್ ಕಟ್ಟಡ ಈಗಲೂ ಇದೆ. ವಿವೇಕಾನಂದರು 1897ರಲ್ಲಿ ಅಲ್ಲಿ ತಂಗಿದ್ದರಿಂದ ಅದನ್ನೀಗ ಅವರ ಹೆಸರಲ್ಲೇ ಕರೀತಾರೆ.

ಆ ಕಾಲದ ಒಂದು ಗುರುತು ಇವತ್ತಿಗೂ ನಿಮ್ಮ ಮನೆಯಲ್ಲಿದೆ. "ಒಂದೂವರೆ ಟನ್ ಎಸಿ" ಅಂತೀವಲ್ಲ, ಅದು ಎಸಿಯ ತೂಕ ಅಲ್ಲ. ಒಂದು ಟನ್ ಬರ್ಫ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತೋ ಅಷ್ಟು ತಂಪು ಕೊಡುವ ಶಕ್ತಿಗೆ ಒಂದು ಟನ್ ಅಂತ ಹೆಸರು. ಇವತ್ತಿನ ಲೆಕ್ಕದಲ್ಲಿ ಸುಮಾರು 3.5 ಕಿಲೋವ್ಯಾಟ್. ಹಡಗಿನಲ್ಲಿ ಬರ್ಫ ತರುವ ವ್ಯಾಪಾರ ಎಂದೋ ಮುಳುಗಿತು, ಅಳತೆ ಮಾತ್ರ ಉಳೀತು.

ವ್ಯಾಪಾರ ಮುಳುಗಿಸಿದ್ದು ಯಂತ್ರ. ಜೇಕಬ್ ಪರ್ಕಿನ್ಸ್ 1834ರಲ್ಲಿ ಲಂಡನ್ನಿನಲ್ಲಿ ತಂಪು ಮಾಡುವ ಯಂತ್ರಕ್ಕೆ ಪೇಟೆಂಟ್ ತೆಗೆದುಕೊಂಡ. 1850ರ ದಶಕದಲ್ಲಿ ಆಸ್ಟ್ರೇಲಿಯಾದ ಗೀಲಾಂಗ್‌ನಲ್ಲಿ ಜೇಮ್ಸ್ ಹ್ಯಾರಿಸನ್ ಅದನ್ನ ವ್ಯಾಪಾರಕ್ಕೆ ಇಳಿಸಿದ. ಈತ ಎಂಜಿನಿಯರ್ ಅಲ್ಲ, ಪತ್ರಿಕೆಯ ಸಂಪಾದಕ! ಅಚ್ಚಿನ ಮೊಳೆಗಳನ್ನ ಈಥರ್‌ನಲ್ಲಿ ತೊಳೆಯುವಾಗ ಲೋಹ ತಣ್ಣಗಾಗೋದನ್ನ ನೋಡಿ ಈ ಯೋಚನೆ ಹೊಳೀತು ಅಂತ ಹೇಳ್ತಾರೆ. 1870ರ ದಶಕದಲ್ಲಿ ಅಮೆರಿಕದಲ್ಲಿ ಡೇವಿಡ್ ಬಾಯ್ಲ್, ಜರ್ಮನಿಯಲ್ಲಿ ಕಾರ್ಲ್ ಫಾನ್ ಲಿಂಡೆ ಅಮೋನಿಯಾ ಬಳಸುವ ಕಂಪ್ರೆಸರ್ ಮಾಡಿದರು. ಅದೇ ದಶಕದಲ್ಲಿ ಮದ್ರಾಸು, ಕಲ್ಕತ್ತಗಳಲ್ಲಿ ಬರ್ಫದ ಕಾರ್ಖಾನೆಗಳು ಶುರುವಾದವು.

ಅದೇ ಹೊತ್ತಿಗೆ ನಮ್ಮ ಕಡೆ ಏನಾಗ್ತಿತ್ತು? ಕಲಬುರಗಿ ಆಗ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿ ಇತ್ತು. 1871ರ ಹೊತ್ತಿಗೆ ಮುಂಬೈ-ಮದ್ರಾಸ್ ರೈಲು ಹಳಿ ಕಲಬುರಗಿ ದಾಟಿ ರಾಯಚೂರಿನಲ್ಲಿ ಕೂಡಿಕೊಂಡಿತು. ಹಳಿಯ ಹಿಂದೆಯೇ ಯಂತ್ರಗಳು ಬಂದವು. 19ನೇ ಶತಮಾನದ ಕೊನೆಯ ಹೊತ್ತಿಗೆ ಎಂ.ಎಸ್.ಕೆ. ಮಿಲ್ಲು, ಅಂದ್ರೆ ಮಹಬೂಬ್ ಶಾಹಿ ಕುಲ್ಬರ್ಗಾ ಮಿಲ್, ಬಟ್ಟೆ ನೇಯ್ತಿತ್ತು. ಮುಂದೆ ಹತ್ತಿರದ ಶಹಾಬಾದ್, ವಾಡಿಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದವು. (ಶಹಾಬಾದ್ ಬೇರೆ, ಶಹಾಬಜಾರ ಬೇರೆ. ಬೆಂಗಳೂರಿನ ಕೇಳುಗರು ಗೊಂದಲ ಮಾಡ್ಕೋಬೇಡಿ. ಮನೆಗೆ ಹಾಸ್ತೀವಲ್ಲ ಶಹಾಬಾದ್ ಕಲ್ಲು, ಅದು ಆ ಶಹಾಬಾದಿನದು.) ಮಿಲ್ಲು ಅಂದ್ರೆ ಬರೀ ನೂಲಲ್ಲ. ಮಿಲ್ಲಿಗೆ ಫಿಟರ್ ಬೇಕು, ಟರ್ನರ್ ಬೇಕು, ಎರಕ ಹೊಯ್ಯೋರು ಬೇಕು. ಯಂತ್ರ ಕೆಟ್ಟರೆ ಇಂಗ್ಲೆಂಡಿನಿಂದ ಬಿಡಿಭಾಗ ಬರಲು ತಿಂಗಳುಗಟ್ಟಲೆ ಬೇಕಾಗುತ್ತಿದ್ದ ಕಾಲ. ಆ ಕಾಲದಲ್ಲಿ ರಿಪೇರಿ ಅನ್ನೋದು ಉಳಿತಾಯದ ಉಪಾಯ ಆಗಿರಲಿಲ್ಲ, ಅದಿಲ್ಲದೆ ಕಾರ್ಖಾನೆಯೇ ನಡೀತಿರಲಿಲ್ಲ.

ತಾಮ್ರ ತಿನ್ನುವ ಗ್ಯಾಸು

ಈಗ ಆ ಗ್ಯಾಸಿನ ವಿಷಯಕ್ಕೆ ಬರೋಣ. ಅಮೋನಿಯಾ.

ಕಂಪ್ರೆಸರ್ ಮಾಡೋ ಕೆಲಸವನ್ನ ಹರವಿಯ ಲೆಕ್ಕದಲ್ಲೇ ಹೇಳ್ತೀನಿ. ಹರವಿಯಿಂದ ಆವಿಯಾದ ನೀರು ಗಾಳಿಯಲ್ಲಿ ಹೋಯ್ತು, ಮತ್ತೆ ಸಿಗಲ್ಲ. ಐಸ್ ಫ್ಯಾಕ್ಟರಿಯಲ್ಲಿ ನೀರಿನ ಬದಲು ಅಮೋನಿಯಾ ಆವಿಯಾಗುತ್ತೆ. ಅದು ಸಾಮಾನ್ಯ ಒತ್ತಡದಲ್ಲಿ ಮೈನಸ್ 33 ಡಿಗ್ರಿಗೇ ಕುದಿಯುತ್ತೆ. ಆ ಆವಿಯನ್ನ ಬಿಟ್ಟುಬಿಡದೆ ಕಂಪ್ರೆಸರ್ ಎಳೆದುಕೊಂಡು, ಒತ್ತಿ, ಬಿಸಿ ಮಾಡಿ ಕಂಡೆನ್ಸರ್‌ಗೆ ದೂಡುತ್ತೆ. ಅಲ್ಲಿ ಅದು ಹೊರಗಿನ ನೀರಿಗೋ ಗಾಳಿಗೋ ಶಾಖ ಕೊಟ್ಟು ಮತ್ತೆ ದ್ರವ ಆಗುತ್ತೆ. ಆಮೇಲೆ ಮತ್ತೆ ಆವಿ. ಹೀಗೆ ಸುತ್ತು ಹೊಡೀತಾನೇ ಇರುತ್ತೆ. ಈ ಸುತ್ತಿನ ಹೃದಯ ಕಂಪ್ರೆಸರ್.

ಅಮೋನಿಯಾಗೆ ಒಂದು ಗುಣ ಇದೆ. ತೇವದ ಜೊತೆ ಸೇರಿದರೆ ಅದು ತಾಮ್ರವನ್ನ, ಹಿತ್ತಾಳೆಯನ್ನ ತಿಂದುಹಾಕುತ್ತೆ. ಮೋಟರ್ ಒಳಗೆ ಸುತ್ತಿರೋದು ಏನು? ತಾಮ್ರದ ತಂತಿ. ಹಾಗಾಗಿ ಮೋಟರನ್ನ ಕಂಪ್ರೆಸರ್ ಒಳಗೆ ಅಮೋನಿಯಾ ಜೊತೆ ಇಡೋಕೆ ಆಗಲ್ಲ. ಮೋಟರ್ ಹೊರಗೇ ಇರಬೇಕು. ಬೆಲ್ಟ್‌ನಿಂದಲೋ ಕಪ್ಲಿಂಗ್‌ನಿಂದಲೋ ಕಂಪ್ರೆಸರ್‌ನ ಶಾಫ್ಟ್ ತಿರುಗಿಸಬೇಕು. ಶಾಫ್ಟ್ ಹೊರಬರುವ ಜಾಗದಲ್ಲಿ ಗ್ಯಾಸ್ ಸೋರದಂತೆ ಸೀಲ್ ಹಾಕಬೇಕು. ಸೀಲ್ ಸವೆಯುತ್ತೆ, ಹಾಗಾಗಿ ಅದನ್ನ ಬದಲಿಸಲು ಬರುವಂತೆ ಇರಬೇಕು. ಒಟ್ಟಿನಲ್ಲಿ ಇಡೀ ಯಂತ್ರ ನಟ್ಟು ಬೋಲ್ಟಿನದ್ದೇ ಆಗಿರಬೇಕು. ಇದಕ್ಕೆ ಓಪನ್ ಟೈಪ್ ಕಂಪ್ರೆಸರ್ ಅಂತ ಹೆಸರು.

ಅಂದ್ರೆ, ಐಸ್ ಫ್ಯಾಕ್ಟರಿಯ ಕಂಪ್ರೆಸರ್ ಬಿಚ್ಚಲು ಬರೋದು ಯಾರೋ ಕಂಪನಿಯವರು ದೊಡ್ಡ ಮನಸ್ಸು ಮಾಡಿದ್ದರಿಂದ ಅಲ್ಲ. ಅಮೋನಿಯಾ ಅವರಿಗೆ ಬೇರೆ ದಾರಿ ಬಿಡಲಿಲ್ಲ, ಅಷ್ಟೇ.

ಮುಚ್ಚಿದ ಡಬ್ಬಿ

ಮನೆಯ ಫ್ರಿಜ್ಜಿನ ಕಥೆ ಬೇರೆ ದಾರಿ ಹಿಡೀತು. ಅಡುಗೆಮನೆಯಲ್ಲಿ ಗ್ಯಾಸ್ ಸೋರುವ ಸೀಲ್ ಯಾರಿಗೆ ಬೇಕು? 1927ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 'ಮಾನಿಟರ್ ಟಾಪ್' ಅನ್ನೋ ಫ್ರಿಜ್ ತಂದಿತು. ಮೋಟರ್, ಕಂಪ್ರೆಸರ್ ಎರಡನ್ನೂ ಒಂದೇ ಕಬ್ಬಿಣದ ಚಿಪ್ಪಿನೊಳಗೆ ಹಾಕಿ ಮುಚ್ಚಿಬಿಟ್ಟರು. ಅದರಲ್ಲಿದ್ದಿದ್ದು ಸಲ್ಫರ್ ಡೈಆಕ್ಸೈಡ್, ಅದೂ ವಿಷಾನಿಲವೇ. ಕೆಲವೇ ವರ್ಷಗಳಲ್ಲಿ ಥಾಮಸ್ ಮಿಡ್ಗ್ಲಿ ಮತ್ತು ಜೊತೆಗಾರರು ಫ್ರಿಯಾನ್ ಕಂಡುಹಿಡಿದರು. ವಾಸನೆ ಇಲ್ಲ, ಬೆಂಕಿ ಹತ್ತಲ್ಲ, ತಾಮ್ರಕ್ಕೆ ಏನೂ ಮಾಡಲ್ಲ. ಮುಚ್ಚಿದ ಡಬ್ಬಿಗೆ ಹೇಳಿ ಮಾಡಿಸಿದ ಗ್ಯಾಸು.

ಸೋರಿಕೆ ಕಡಿಮೆಯಾಯ್ತು, ಬೆಲೆ ಇಳೀತು, ಕೋಟ್ಯಂತರ ಮನೆಗಳಿಗೆ ಫ್ರಿಜ್ ಬಂತು. ಇದು ದೊಡ್ಡ ಲಾಭವೇ, ಸುಳ್ಳಲ್ಲ. ಆದರೆ ಚಿಪ್ಪನ್ನ ವೆಲ್ಡ್ ಮಾಡಿದ ದಿನವೇ ಮಿಸ್ತ್ರಿಯ ಕೈ ಹೊರಗೆ ಉಳೀತು. ಒಳಗೆ ಎಲ್ಲೋ ಒಂದು ವಾಲ್ವ್ ಮುರಿದರೂ ಇಡೀ ಡಬ್ಬಿಯೇ ಗುಜರಿ.

ನಿಮ್ಮ ಕೈಯಲ್ಲಿರೋ ಫೋನ್ ನೆನಪಾಯ್ತಾ? ಮೊದಲು ಹಿಂದಿನ ಮುಚ್ಚಳ ಉಗುರಿನಲ್ಲಿ ತೆಗೆದು ಬ್ಯಾಟರಿ ಬದಲಿಸ್ತಿದ್ವಿ. ಈಗ ಅಂಟು ಹಾಕಿ ಮುಚ್ಚಿರ್ತಾರೆ. ತೆಳ್ಳಗಾಯ್ತು, ನೀರು ಒಳಗೆ ಹೋಗಲ್ಲ, ಸರಿ. ಜೊತೆಗೆ ಬಿಚ್ಚುವ ಹಕ್ಕೂ ಹೋಯ್ತು. ಫೋನಿನಲ್ಲಿ ಹತ್ತು-ಹದಿನೈದು ವರ್ಷದಲ್ಲಿ ಆಗಿದ್ದು ಫ್ರಿಜ್ಜಿನಲ್ಲಿ ಸುಮಾರು ನೂರು ವರ್ಷದ ಹಿಂದೆಯೇ ಆಗಿಹೋಗಿತ್ತು.

ಇವೆರಡರ ನಡುವೆ ಇನ್ನೊಂದು ಜಾತಿ ಇದೆ, ಸೆಮಿ ಹರ್ಮೆಟಿಕ್. ಮೋಟರ್ ಒಳಗೇ ಇರುತ್ತೆ, ಆದರೆ ಚಿಪ್ಪಿಗೆ ವೆಲ್ಡ್ ಬದಲು ಬೋಲ್ಟ್ ಇರುತ್ತೆ. ದೊಡ್ಡ ಅಂಗಡಿ, ಹೋಟೆಲ್, ಕೋಲ್ಡ್ ರೂಮುಗಳಲ್ಲಿ ಇದೇ ಹೆಚ್ಚು. ಇವನ್ನ ಬಿಚ್ಚಿ ಮರುತಯಾರಿಸಬಹುದು. ಆದರೆ ಒಳಗಿನ ಮೋಟರ್ ಸುಟ್ಟರೆ ಆಮ್ಲ ಹುಟ್ಟಿ ಇಡೀ ಪೈಪ್‌ಲೈನಿಗೆ ಹರಡುತ್ತೆ. ಪೈಪ್ ಸ್ವಚ್ಛ ಮಾಡದೆ ಮರುತಯಾರಾದ ಕಂಪ್ರೆಸರ್ ಕೂರಿಸಿದರೆ ಅದೂ ಸುಡುತ್ತೆ.

ಮುಂದೆ ಫ್ರಿಯಾನ್‌ಗೂ ಕಷ್ಟಕಾಲ ಬಂತು. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಅನ್ನೋ ವಿಜ್ಞಾನಿಗಳು, ಈ ಜಾತಿಯ ಅನಿಲಗಳು ಮೇಲೆ ಹೋಗಿ ಓಝೋನ್ ಪದರವನ್ನ ಹಾಳು ಮಾಡ್ತವೆ ಅಂತ ತೋರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯ್ತು, ಭಾರತ 1992ರಲ್ಲಿ ಸೇರಿತು. ಆರ್-12 ಹೋಯ್ತು, ಆರ್-22 ಹೋಗ್ತಾ ಇದೆ. ಅವುಗಳ ಜಾಗಕ್ಕೆ ಬಂದವು ಓಝೋನ್ ಬಿಟ್ಟರೂ ಭೂಮಿಯನ್ನ ಬಿಸಿ ಮಾಡ್ತವೆ ಅಂತ 2016ರಲ್ಲಿ ಕಿಗಾಲಿಯಲ್ಲಿ ಇನ್ನೊಂದು ತಿದ್ದುಪಡಿ ಆಯ್ತು. ಒಂದೊಂದು ಗ್ಯಾಸ್ ಬದಲಾದಾಗಲೂ ಎಣ್ಣೆ ಬದಲು, ಸೀಲಿನ ರಬ್ಬರ್ ಬದಲು. ಎಷ್ಟೋ ಗಟ್ಟಿಮುಟ್ಟಾದ ಯಂತ್ರಗಳು ಗ್ಯಾಸ್ ಸಿಗದೆ ಅನಾಥವಾದವು.

ಇಷ್ಟೆಲ್ಲ ಗಲಾಟೆಯಲ್ಲಿ ಅಮೋನಿಯಾ ಕದಲಲಿಲ್ಲ. ಅದು ಓಝೋನ್ ಮುಟ್ಟಲ್ಲ, ಭೂಮಿ ಬಿಸಿ ಮಾಡಲ್ಲ. 150 ವರ್ಷದ ಹಳೇ ಗ್ಯಾಸು ಇವತ್ತು ಮತ್ತೆ ಮುಂದಿನ ಕಾಲದ ಗ್ಯಾಸು ಅನಿಸಿಕೊಂಡಿದೆ. ಹಾಗಾಗಿ ಅಮೋನಿಯಾ ಕಂಪ್ರೆಸರ್‌ಗೆ ಎರಡನೇ ಜನ್ಮ ಕೊಡೋದರಲ್ಲಿ ಅರ್ಥವೂ ಇದೆ.

ಗುರ್ಲಹೊಸೂರಿನ ಹುಡುಗ, ಹರಿಹರದ ಲೇಥ್

ಬಿಚ್ಚಲು ಬರುವ ಯಂತ್ರ ಇದ್ದರೆ ಸಾಲದು. ಬಿಚ್ಚಿ, ಕೊರೆದು, ತಿದ್ದಲು ಉಪಕರಣ ಬೇಕು, ಕೈ ಬೇಕು. ಇಲ್ಲಿ ಕರ್ನಾಟಕದ ಒಂದು ಕಥೆ ಸೇರಿಕೊಳ್ಳುತ್ತೆ.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು ಲಕ್ಷ್ಮಣರಾವ್ ಕಿರ್ಲೋಸ್ಕರ್. ಮುಂಬೈಗೆ ಹೋಗಿದ್ದು ಚಿತ್ರಕಲೆ ಕಲಿಯೋಕೆ. ಬಣ್ಣಗಳ ವ್ಯತ್ಯಾಸ ಸರಿಯಾಗಿ ಕಾಣಲ್ಲ ಅಂತ ಗೊತ್ತಾಗಿ ಯಂತ್ರಗಳ ಕಡೆ ತಿರುಗಿದರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಶುರುವಾಯ್ತು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಹೊಲ ಕೆಡುತ್ತೆ ಅಂತ ರೈತರು ಮೊದಮೊದಲು ನೇಗಿಲು ಮುಟ್ಟಲಿಲ್ಲ ಅನ್ನೋದು ಹೆಸರಾದ ಕಥೆ. ಬೆಳಗಾವಿಯಲ್ಲಿ ಜಾಗ ಬಿಡಬೇಕಾಗಿ ಬಂದು 1910ರಲ್ಲಿ ಔಂಧ್ ಸಂಸ್ಥಾನಕ್ಕೆ ಹೋದರು. ಅದೇ ಇಂದಿನ ಕಿರ್ಲೋಸ್ಕರ್‌ವಾಡಿ.

ಈ ಮನೆತನದ ಎರಡು ಕಂಪನಿಗಳು ನಮ್ಮ ಕಥೆಗೆ ಬೇಕು. ಒಂದು, 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್. ಅದು ಲೇಥ್ ಮಾಡುತ್ತಿತ್ತು. ಇನ್ನೊಂದು, 1958ರಲ್ಲಿ ಪುಣೆಯಲ್ಲಿ ಶುರುವಾದ ಕಿರ್ಲೋಸ್ಕರ್ ನ್ಯೂಮ್ಯಾಟಿಕ್. ಅದು ಮುಂದೆ ಅಮೋನಿಯಾ ಕಂಪ್ರೆಸರ್ ಮಾಡಿತು. ಹೊರದೇಶದ ಸಾಮಾನು ತರಿಸೋದು ಕಷ್ಟವಾಗಿದ್ದ ಆ ದಶಕಗಳಲ್ಲಿ, ತಂಪು ಮಾಡೋ ಯಂತ್ರವೂ ಅದನ್ನ ತಿದ್ದುವ ಲೇಥೂ ಎರಡೂ ದೇಶದೊಳಗೇ ಸಿಗುವಂತಾಯ್ತು. ಲೈನರ್, ಪಿಸ್ಟನ್ ರಿಂಗ್, ವಾಲ್ವ್ ಪ್ಲೇಟ್ ಇಲ್ಲೇ ಸಿಗೋ ಕಂಪ್ರೆಸರನ್ನ ತಾನೆ ಯಾರಾದರೂ ಮರುತಯಾರಿಸೋದು?

ಹರಿಹರದ ಆ ಕಾರ್ಖಾನೆ 2000ದ ದಶಕದ ಶುರುವಿನಲ್ಲಿ ಮುಚ್ಚಿತು. ಕಲಬುರಗಿಯ ಎಂ.ಎಸ್.ಕೆ. ಮಿಲ್ಲು ಅದಕ್ಕೂ ಮೊದಲೇ ನಿಂತಿತ್ತು, ಈಗ ಅದು ಒಂದು ಬಡಾವಣೆಯ ಹೆಸರಾಗಿ ಉಳಿದಿದೆ. ಕಾರ್ಖಾನೆ ಮುಚ್ಚಿದಾಗ ಪೇಪರಿನಲ್ಲಿ ಎಷ್ಟು ಜನರ ಕೆಲಸ ಹೋಯ್ತು ಅಂತ ಬರುತ್ತೆ. ಅವರ ಕೈಯಲ್ಲಿದ್ದ ವಿದ್ಯೆ ಎಲ್ಲಿ ಹೋಯ್ತು ಅಂತ ಬರೋದಿಲ್ಲ.

ಬಣ್ಣ ಬಳಿಯೋದು ಮತ್ತು ಮರುತಯಾರಿಸೋದು

"ಏನ್ರಿ ಮಿಸ್ತ್ರಿ, ಇದು ಇನ್ನಾ ನಡೀತದೇನ್ರಿ?"

"ನಡೀತದ್ರಿ. ಆದ್ರ ಒಮ್ಮಿ ಪೂರಾ ಬಿಚ್ಚಿ ನೋಡ್ಬೇಕ್ರಿ."

ಈ ಮಾತು ಯಾವ ವರ್ಕ್‌ಶಾಪಿನಲ್ಲಾದರೂ ಕೇಳಬಹುದು. ಆದರೆ "ಬಿಚ್ಚಿ ನೋಡೋದು" ಅಂದ್ರೆ ಎಷ್ಟು ನೋಡೋದು? ರಿಪೇರಿ ಅಂದ್ರೆ ಕೆಟ್ಟಿದ್ದನ್ನ ಸರಿ ಮಾಡೋದು. ಸೀಲ್ ಸೋರಿದರೆ ಸೀಲ್ ಬದಲು, ಅಷ್ಟೇ. ಮರುತಯಾರಿಕೆಗೆ ಬ್ರಿಟನ್ನಿನ 2009ರ ಒಂದು ಮಾನದಂಡ, ಬಿಎಸ್ 8887ರ ಎರಡನೇ ಭಾಗ, ಸ್ಪಷ್ಟ ಗೆರೆ ಹಾಕಿದೆ. ಬಳಸಿದ ವಸ್ತು ಕನಿಷ್ಠ ಮೊದಲಿನ ಸಾಮರ್ಥ್ಯಕ್ಕೆ ಬರಬೇಕು, ಹೊಸದಕ್ಕೆ ಕೊಡುವಷ್ಟು ಅಥವಾ ಅದಕ್ಕಿಂತ ಹೆಚ್ಚಿನ ವಾರಂಟಿ ಇರಬೇಕು. ಆಗ ಮಾತ್ರ ಅದು ಮರುತಯಾರಿಕೆ.

ಕೆಲಸ ಹೇಗೆ ನಡೆಯುತ್ತೆ ಅಂತ ಹೇಳ್ತೀನಿ.

ಮೊದಲು ಕಂಪ್ರೆಸರ್ ಒಳಗಿನ ಅಮೋನಿಯಾವನ್ನ ರಿಸೀವರ್ ಟ್ಯಾಂಕಿಗೆ ಎಳೆದು, ವಾಲ್ವ್‌ಗಳನ್ನ ಮುಚ್ಚಿ, ಬೀಗ ಹಾಕ್ತಾರೆ. ಎಣ್ಣೆ ಇಳಿಸುವಾಗಲೂ ಹುಷಾರು, ಎಣ್ಣೆಯಲ್ಲೂ ಗ್ಯಾಸ್ ಕರಗಿರುತ್ತೆ. ಆಮೇಲೆ ಬಿಚ್ಚುವಿಕೆ. ಯಾವ ಭಾಗ ಯಾವ ಸಿಲಿಂಡರಿನದು ಅಂತ ಪಂಚ್ ಹೊಡೆದು ಗುರುತು ಮಾಡ್ತಾರೆ. ತೊಳೆದ ಮೇಲೆ ಕ್ರ್ಯಾಂಕ್‌ಶಾಫ್ಟ್‌ಗೆ ಕೆಂಪು ಬಣ್ಣದ ದ್ರವ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸ್ತಾರೆ. ಕಣ್ಣಿಗೆ ಕಾಣದ ಬಿರುಕು ಇದ್ದರೆ ಅಲ್ಲಿ ಕೆಂಪು ಗೆರೆ ಮೂಡುತ್ತೆ. ಗೆರೆ ಮೂಡಿದರೆ ಆ ಶಾಫ್ಟಿಗೆ ಮುಂದಿನ ದಾರಿ ಗುಜರಿಯೇ.

ನಂತರ ಅಳತೆ. ಸಿಲಿಂಡರಿನ ಲೈನರ್ ಅನ್ನ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೀತಾರೆ. ಸವೆತ ಎಲ್ಲ ಕಡೆ ಒಂದೇ ಇರಲ್ಲ, ದುಂಡಗಿದ್ದಿದ್ದು ಮೊಟ್ಟೆ ಆಕಾರಕ್ಕೆ ಬಂದಿರುತ್ತೆ. ಮಾತಾಡೋದು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ. ಗೇಟು-ಗ್ರಿಲ್ಲಿನ ಕೆಲಸದಲ್ಲಿ ಸೂತದ ಲೆಕ್ಕ ನಡೆಯುತ್ತೆ, ಇಲ್ಲಿ ನಡೆಯಲ್ಲ. ಕ್ರ್ಯಾಂಕ್ ಸವೆದಿದ್ದರೆ ಕಾಲು ಮಿಲಿಮೀಟರೋ ಅರ್ಧ ಮಿಲಿಮೀಟರೋ ಗ್ರೈಂಡ್ ಮಾಡಿ, ಆ ಅಳತೆಯ ಬೇರಿಂಗ್ ಹಾಕ್ತಾರೆ. ವಾಲ್ವ್ ಪ್ಲೇಟು, ಸ್ಪ್ರಿಂಗು, ರಿಂಗು, ಗ್ಯಾಸ್ಕೆಟ್ಟು, ಶಾಫ್ಟ್ ಸೀಲು ಚೆನ್ನಾಗಿ ಕಂಡರೂ ಹೊಸದೇ ಹಾಕಬೇಕು.

ಜೋಡಿಸಿದ ಮೇಲೆ ಒಣ ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತಾ ಅಂತ ಗಂಟೆಗಟ್ಟಲೆ ಕಾಯ್ತಾರೆ. ಕೆಲವರು ಅವಸರಕ್ಕೆ ಆಕ್ಸಿಜನ್ ಸಿಲಿಂಡರ್ ಹಚ್ಚುತ್ತಾರೆ. ಎಣ್ಣೆ ಇರುವ ಕಂಪ್ರೆಸರ್ ಒಳಗೆ ಆಕ್ಸಿಜನ್ ಅಂದ್ರೆ ಬಾಂಬ್ ಇದ್ದ ಹಾಗೆ, ಜೀವ ಹೋಗುತ್ತೆ. ಆಮೇಲೆ ನಿರ್ವಾತ, ಖಾಲಿ ಓಟ, ಎಣ್ಣೆ ಬದಲು, ಪೂರ್ತಿ ಹೊರೆಯ ಓಟ. ಒತ್ತಡ, ತಾಪಮಾನ, ಮೋಟರ್ ಎಳೆಯುವ ಕರೆಂಟ್ ಎಲ್ಲವನ್ನೂ ಬರೆದಿಡಬೇಕು.

ಇಷ್ಟು ತೊಂದರೆ ಯಾಕೆ, ಹೊಸದೇ ತಗೋಬಹುದಲ್ಲ? ಯಂತ್ರದ ತೂಕದ ಬಹುಪಾಲು ಎರಕದ ಕಬ್ಬಿಣದ ಮೈ. ಅದನ್ನ ಕರಗಿಸಲು ಸುಮಾರು 1,200 ಡಿಗ್ರಿ ಶಾಖ ಬೇಕು. ಸವೆಯೋದು ಮಾತ್ರ ಲೈನರ್, ರಿಂಗ್, ಬೇರಿಂಗ್‌ನಂಥ ಕೆಲವು ಕಿಲೋ ಭಾಗಗಳು. ಆ ಕೆಲವು ಕಿಲೋಗಾಗಿ ಇಡೀ ಮೈಯನ್ನ ಕುಲುಮೆಗೆ ಹಾಕೋದು ಯಾವ ಲೆಕ್ಕದಲ್ಲೂ ಲಾಭ ಅಲ್ಲ.

ಆದರೆ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಮಾರುಕಟ್ಟೆಯಲ್ಲಿ "ರೀಕಂಡಿಶನ್" ಅನ್ನೋ ಮಾತಿಗೆ ಹಿಡಿತವೇ ಇಲ್ಲ. ಹಳೇ ಯಂತ್ರಕ್ಕೆ ಬಣ್ಣ ಬಳಿದು, ಒಂದು ಸೀಲ್ ಬದಲಿಸಿ ಮಾರೋದನ್ನೂ ಹಾಗೇ ಕರೀತಾರೆ. ವಾಲ್ವ್ ಸೋರುವ ಕಂಪ್ರೆಸರ್ ತಿರುಗುತ್ತೆ, ಸದ್ದು ಮಾಡುತ್ತೆ, ಕರೆಂಟ್ ತಿನ್ನುತ್ತೆ, ತಂಪು ಮಾತ್ರ ಕಡಿಮೆ ಕೊಡುತ್ತೆ. ಖರೀದಿಯಲ್ಲಿ ಉಳಿಸಿದ್ದು ಕರೆಂಟ್ ಬಿಲ್ಲಿನಲ್ಲಿ ಹೋಗುತ್ತೆ. ಇನ್ನು ಅಮೋನಿಯಾ ಸೋರಿದರೆ ಕಣ್ಣು, ಶ್ವಾಸಕೋಶ ಸುಡುತ್ತೆ. ಗಾಳಿಯ 10 ಲಕ್ಷ ಭಾಗದಲ್ಲಿ 300 ಭಾಗ ಅಮೋನಿಯಾ ಇದ್ದರೆ ಜೀವಕ್ಕೇ ಅಪಾಯ ಅಂತ ಪರಿಗಣಿಸ್ತಾರೆ. ಹಾಗಾಗಿ ಅಳತೆಯ ಹಾಳೆ ಇಲ್ಲದ, ಟೆಸ್ಟ್ ವರದಿ ಇಲ್ಲದ "ಮರುಜನ್ಮ"ವನ್ನ ನಂಬಬೇಡಿ. ದೊಡ್ಡ ಘಟಕಗಳಲ್ಲಿ ಈಗ ಹೆಚ್ಚಾಗಿರುವ ಸ್ಕ್ರೂ ಕಂಪ್ರೆಸರ್‌ಗಂತೂ ಈ ಮಾತು ಇನ್ನೂ ಹೆಚ್ಚು ಒಪ್ಪುತ್ತೆ. ಅದರೊಳಗಿನ ಎರಡು ರೋಟರ್‌ಗಳ ನಡುವಿನ ಅಂತರ ಕೂದಲಿಗಿಂತ ತೆಳು. ಬೇರಿಂಗ್ ಬದಲಿಸುವ ಕಾಲ ತಪ್ಪಿಸಿದರೆ ರೋಟರ್‌ಗಳು ಒಂದಕ್ಕೊಂದು ಉಜ್ಜಿ ಕೆಡುತ್ತವೆ. ಆಮೇಲೆ ಉಳಿಸೋದು ಬಹಳ ಕಷ್ಟ.

ಕಲಬುರಗಿಗೆ ಯಾಕೆ ಬೇಕು

ಮತ್ತೆ ನಮ್ಮ ಊರಿಗೆ ಬರೋಣ. ಕಲಬುರಗಿಯಲ್ಲಿ ಕಂಪ್ರೆಸರ್ ಆಗಿ ಹುಟ್ಟೋದು ಕಷ್ಟದ ಬದುಕು. ಕಂಡೆನ್ಸರ್‌ನಲ್ಲಿ ಅಮೋನಿಯಾ 30 ಡಿಗ್ರಿಯಲ್ಲಿ ದ್ರವ ಆಗೋಕೆ ಸುಮಾರು 11.7 ಬಾರ್ ಒತ್ತಡ ಸಾಕು. 40 ಡಿಗ್ರಿಗೆ ಏರಿದರೆ ಸುಮಾರು 15.5 ಬಾರ್ ಬೇಕು. ಅಂದ್ರೆ ಬಿಸಿಲು ಏರಿದಷ್ಟೂ ಯಂತ್ರದ ಮೇಲೆ ಹೊರೆ. ಜೊತೆಗೆ ಈ ಭಾಗದ ಸುಣ್ಣಕಲ್ಲಿನ ನೆಲದ ಗಡಸು ನೀರು. ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತಲ್ಲ, ಅದೇ ಕಂಡೆನ್ಸರ್ ಪೈಪಿಗೂ ಕಟ್ಟುತ್ತೆ. ಶಾಖ ಹೊರಗೆ ಹೋಗಲ್ಲ, ಒತ್ತಡ ಇನ್ನೂ ಏರುತ್ತೆ, ವಾಲ್ವ್‌ಗಳು ಬೇಗ ಸುಟ್ಟುಹೋಗ್ತವೆ. ಕಂಪ್ರೆಸರ್ ಯಾಕೆ ಸತ್ತಿತು ಅಂತ ಕೇಳದೆ ಬರೀ ಕಂಪ್ರೆಸರ್ ಬದಲಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಕಥೆ. ಇದನ್ನ ಪುಣೆಯ ಕ್ಯಾಟಲಾಗ್ ಹೇಳಲ್ಲ. ಇಲ್ಲಿನ ನೀರು ಕುಡಿದು ಬೆಳೆದ ಮಿಸ್ತ್ರಿ ಹೇಳ್ತಾನೆ.

ನಗರದಿಂದ ಹುಮನಾಬಾದ್ ಕಡೆ ಹೊರಟರೆ ಕಮಲಾಪುರ. ಅಲ್ಲಿನ ಕೆಂಪು ಬಾಳೆಹಣ್ಣಿಗೆ ಜಿಐ ಮಾನ್ಯತೆ ಇದೆ. ಬಾಳೆ ಸೂಕ್ಷ್ಮ ಬೆಳೆ. ಬಿಸಿಲಿಗೆ ಇಟ್ಟರೆ ಬೇಗ ಹಣ್ಣಾಗಿ ಕೊಳೆಯುತ್ತೆ, ಸುಮಾರು 13 ಡಿಗ್ರಿಗಿಂತ ಕೆಳಗೆ ಇಟ್ಟರೆ ಸಿಪ್ಪೆ ಕಪ್ಪಾಗುತ್ತೆ. ಅಳತೆ ತಪ್ಪದ ತಂಪು ಬೇಕು. ಅಂಥ ಹಣ್ಣು ದೂರದ ಮಾರುಕಟ್ಟೆಗೆ ಹೋಗಬೇಕಾದರೆ ದಾರಿಯುದ್ದಕ್ಕೂ ತಂಪಿನ ಸರಪಳಿ ಇರಬೇಕು. ಸರಪಳಿಯ ಯಂತ್ರ ಸುಗ್ಗಿಯ ವಾರದಲ್ಲಿ ಕೈಕೊಟ್ಟು, ಹೊಸದು ಬರೋಕೆ ತಿಂಗಳಾದರೆ ನಷ್ಟ ಬೀಳೋದು ರೈತನ ಮೇಲೆ. ಮರುತಯಾರಾಗಿ ಸಿದ್ಧವಿರುವ ಒಂದು ಕಂಪ್ರೆಸರ್ ಹತ್ತಿರದಲ್ಲೇ ಸಿಕ್ಕರೆ ಆ ನಷ್ಟ ಇಲ್ಲ.

ಕೇಂದ್ರ ಸರ್ಕಾರ 2019ರಲ್ಲಿ 'ಇಂಡಿಯಾ ಕೂಲಿಂಗ್ ಆ್ಯಕ್ಷನ್ ಪ್ಲಾನ್' ತಂದಿತು. ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ, ಪ್ರಮಾಣಪತ್ರ ಕೊಡುವ ಗುರಿ ಅದರಲ್ಲಿತ್ತು. 2022ರ ಕೊನೆಗೆ 'ರೈಟ್ ಟು ರಿಪೇರ್' ಪೋರ್ಟಲ್ ಬಂತು. ಅದು ಮೊದಲು ಹಿಡಿದಿದ್ದು ಫೋನ್, ಮನೆಬಳಕೆಯ ಉಪಕರಣ, ವಾಹನ ಮತ್ತು ಕೃಷಿ ಯಂತ್ರಗಳನ್ನ. ಕೋಲ್ಡ್ ಸ್ಟೋರೇಜಿನ ಕಂಪ್ರೆಸರ್ ಆ ನಾಲ್ಕು ಗುಂಪಿನಲ್ಲಿ ಇರಲಿಲ್ಲ. ಇವೆರಡೂ ಒಳ್ಳೆಯ ಹೆಜ್ಜೆಗಳೇ. ಆದರೆ ಸರ್ವಿಸ್ ಮಾಡೋದು ಬೇರೆ, ಮರುತಯಾರಿಸೋದು ಬೇರೆ. ಎರಡನೆಯದಕ್ಕೆ ಲೇಥ್, ಮೈಕ್ರೋಮೀಟರ್, ಟೆಸ್ಟ್ ಬೆಂಚ್ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಬರೆದಿಟ್ಟ ಅಳತೆ ಬೇಕು.

ಈ ಕಥೆಯ ದುರ್ಬಲ ಕೊಂಡಿ ಇಲ್ಲೇ ಇದೆ. ಹಳೇ ಮಿಸ್ತ್ರಿಗಳಿಗೆ ಯಾವ ಮಾಡೆಲ್ಲಿಗೆ ಎಷ್ಟು ಕ್ಲಿಯರೆನ್ಸ್ ಅಂತ ಬಾಯಿಪಾಠ. ಶಾಫ್ಟಿಗೆ ಕೈ ಇಟ್ಟರೆ ಬೇರಿಂಗ್ ಹೋಗಿದೆಯಾ ಅಂತ ಹೇಳ್ತಾರೆ. ಆದರೆ ಅದನ್ನ ಯಾರೂ ಕನ್ನಡದಲ್ಲಿ ಬರೆದಿಟ್ಟಿಲ್ಲ ಅಂದ್ರೆ, ಅವರ ಜೊತೆಗೇ ಅದೂ ಹೋಗುತ್ತೆ. ಬಿಚ್ಚಲು ಬರುವ ಯಂತ್ರವೂ ಬಿಚ್ಚುವವರಿಲ್ಲದಿದ್ದರೆ ಮುಚ್ಚಿದ ಡಬ್ಬಿಯ ಹಾಗೇ, ನೇರ ಗುಜರಿಗೆ.

ಕಲಬುರಗಿಯಲ್ಲಿ 1958ರಿಂದ ಪಿಡಿಎ ಎಂಜಿನಿಯರಿಂಗ್ ಕಾಲೇಜಿದೆ, ಐಟಿಐ ಇದೆ, ಕಪನೂರಿನಲ್ಲಿ ಕೈಗಾರಿಕಾ ಪ್ರದೇಶ ಇದೆ. ಈ ಮೂರರ ನಡುವೆ ಇರೋದು ಕೆಲವೇ ಕಿಲೋಮೀಟರ್. ಕೇಳುಗರಲ್ಲಿ ಯಾರಾದರೂ ಎಂಜಿನಿಯರಿಂಗ್ ಓದ್ತಿದ್ದರೆ, ಐಟಿಐಯಲ್ಲಿ ರೆಫ್ರಿಜರೇಷನ್ ಟ್ರೇಡ್ ಮಾಡ್ತಿದ್ದರೆ ಒಂದು ಸಣ್ಣ ಕೆಲಸ. ನಿಮ್ಮ ಊರಿನ ಒಂದು ಐಸ್ ಫ್ಯಾಕ್ಟರಿಗೋ ವರ್ಕ್‌ಶಾಪಿಗೋ ಹೋಗಿ. ಅಲ್ಲಿನ ಹಿರಿಯ ಮಿಸ್ತ್ರಿ ಹತ್ತಿರ ಕೂತು, ಅವರ ಒಪ್ಪಿಗೆ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. "ಕಾಕಾ, ಈ ಕಂಪ್ರೆಸರ್ ಯಾಕ ಕೆಟ್ಟಿತು, ನೀವು ಏನು ಅಳತಿ ಇಟ್ರಿ?" ಅಂತ ಕೇಳಿ, ಅವರು ಹೇಳಿದ್ದನ್ನ ಅವರ ಮಾತಲ್ಲೇ ಬರೆದಿಡಿ. ಬಿಚ್ಚೋಕೆ ಬರದ ಫೋನು ಕನಿಷ್ಠ ಇಷ್ಟಕ್ಕಾದರೂ ಉಪಯೋಗ ಆಗಲಿ.

ಇನ್ನು ಮುಂದೆ ಶಹಾಬಜಾರದಲ್ಲಿ ಬರ್ಫ ಹಾಕಿದ ಶರಬತ್ತು ಕುಡಿಯುವಾಗ, ಆ ತಂಪಿನ ಹಿಂದೆ ತಿರುಗ್ತಿರೋದು ಹೊಸ ಯಂತ್ರವೋ, ಎರಡನೇ ಜನ್ಮದ್ದೋ ಅಂತ ಒಂದು ಸಲ ಯೋಚನೆ ಮಾಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬಿಸಿಲಲ್ಲಿ ಹುಷಾರು, ನೀರು ಕುಡೀತಾ ಇರಿ. ನಮಸ್ಕಾರ.